ಮೂರು ಚಕ್ರದ ಮೈಲೇಜ್ ಗಾಡಿಗೆ ಹಗುರ ವೀಲ್: ಕಾರ್ಬನ್ ಡಿಸ್ಕೋ, ಕಡ್ಡಿ ವೀಲೋ?

ತ್ರಿಚಕ್ರ_ತಂಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಡಿಮೆ ಶಕ್ತಿಯಲ್ಲಿ ಹೆಚ್ಚು ದೂರ ಓಡುವ ವಿದ್ಯಾರ್ಥಿ ಸ್ಪರ್ಧೆಯಾದ ಶೆಲ್ ಇಕೋ-ಮ್ಯಾರಥಾನ್‌ನ ಪ್ರೋಟೋಟೈಪ್ ವಿಭಾಗಕ್ಕೆ ಬ್ಯಾಟರಿ ಗಾಡಿ ಕಟ್ಟುತ್ತಿದ್ದೇವೆ. ಮುಂದೆ ಎರಡು ಚಕ್ರ, ಹಿಂದೆ ಒಂದು. ಗಾಡಿಯ ತೂಕ 45 ಕೆ.ಜಿ., ಚಾಲಕಿ 55 ಕೆ.ಜಿ., ಒಟ್ಟು 100. ಮುಂದಿನ ಚಕ್ರಗಳ ನಡುವೆ 60 ಸೆಂ.ಮೀ. ಅಂತರ. ತೂಕದಲ್ಲಿ 70 ಭಾಗ ಮುಂದೆ, 30 ಭಾಗ ಹಿಂದೆ. ಗುರುತ್ವ ಕೇಂದ್ರ ನೆಲದಿಂದ 28 ಸೆಂ.ಮೀ. ಮೇಲಿದೆ. ವೇಗ ಗಂಟೆಗೆ 30 ಕಿ.ಮೀ. ದಾಟುವುದಿಲ್ಲ.

ಈಗ ಇರುವುದು ಅಂಗಡಿಯಲ್ಲಿ ಕೊಂಡ 20 ಇಂಚಿನ ಸೈಕಲ್ ವೀಲ್. ಟೈರ್, ಟ್ಯೂಬ್ ಸೇರಿ ಒಂದೊಂದು 2.1 ಕೆ.ಜಿ. ತೂಗುತ್ತದೆ. ಇದನ್ನು 1.3 ಕೆ.ಜಿ.ಗೆ ಇಳಿಸಬೇಕು. ನಮ್ಮ ಯೋಜನೆ ಹೀಗಿದೆ: ಅಲಾಯ್ ರಿಮ್ ಇಟ್ಟುಕೊಂಡು ಕಡ್ಡಿಗಳನ್ನೆಲ್ಲ ತೆಗೆದು, 10 ಎಂ.ಎಂ. ದಪ್ಪದ ಚಪ್ಪಟೆ ಫೋಮ್ ತಟ್ಟೆಯ ಎರಡೂ ಬದಿಗೆ 200 ಗ್ರಾಂ ಕಾರ್ಬನ್ ಬಟ್ಟೆಯ ಎರಡೆರಡು ಪದರ ಅಂಟಿಸಿ ರಿಮ್ಮಿಗೆ ಕೂರಿಸುವುದು. ಮುಂದಿನ ಎರಡು ಚಕ್ರಕ್ಕೆ 15 ಎಂ.ಎಂ. ಸ್ಟಬ್ ಆಕ್ಸಲ್ (ಒಂದೇ ತುದಿಯಲ್ಲಿ ಹಿಡಿದ ಗಿಡ್ಡ ಅಚ್ಚು), ಇಎನ್8 ಜಾತಿಯ ಸ್ಟೀಲು. ಬೇರಿಂಗ್ 61802, ಯಾಕಂದರೆ ಅದು ಎಲ್ಲಕ್ಕಿಂತ ಹಗುರ.

ಈ ದಾರಿ ಸರಿಯೇ? ಯಾವ ಲೋಡ್ ಹಿಡಿದು ಲೆಕ್ಕ ಹಾಕಬೇಕು? ನಾವು ಒಂದು ಚಕ್ರಕ್ಕೆ 35 ಕೆ.ಜಿ. ಅಂತ ಹಿಡಿದು ಕಂಪ್ಯೂಟರಿನಲ್ಲಿ ಅನಾಲಿಸಿಸ್ ಮಾಡಿದ್ದೇವೆ, ಎಲ್ಲಾ ಹಸಿರು ಬಣ್ಣವೇ, ಅಂದರೆ ಸುರಕ್ಷಿತ ಅಂತಲೇ, ಬಂದಿದೆ. ಕಾಲೇಜಿನಲ್ಲಿ ವೀಲ್ ಟೆಸ್ಟ್ ಮಾಡುವ ಯಂತ್ರ ಯಾವುದೂ ಇಲ್ಲ.

ಲೋಡ್‌ಲೆಕ್ಕ:

ಹಸಿರು ಬಂದದ್ದು ನೀವು ಅಡ್ಡ ಲೋಡ್ ಕೊಡದೆ ಇದ್ದದ್ದಕ್ಕೆ. ಮೂರು ಚಕ್ರದ ಗಾಡಿಯ ವೀಲ್ ಮುರಿಯುವುದು ಮೇಲಿನ ಭಾರದಿಂದ ಅಲ್ಲ, ತಿರುವಿನಲ್ಲಿ ಪಕ್ಕದಿಂದ ಬೀಳುವ ಒತ್ತಡದಿಂದ. ಸೈಕಲ್ ತಿರುವಿನಲ್ಲಿ ವಾಲುತ್ತದೆ, ಹಾಗಾಗಿ ಬಲ ಹೆಚ್ಚುಕಡಿಮೆ ಚಕ್ರದ ಸಮತಲದಲ್ಲೇ ಹಾದು ಹೋಗುತ್ತದೆ. ಸೈಕಲ್ ರಿಮ್ಮು, ಹಬ್ಬು (ಚಕ್ರದ ನಡುಗುಂಬ), ಕಡ್ಡಿ ಎಲ್ಲಾ ಆ ನಂಬಿಕೆಯ ಮೇಲೆ ಮಾಡಿದ್ದು. ನಿಮ್ಮ ಗಾಡಿ ವಾಲುವುದಿಲ್ಲ. ತಿರುವಿನ ಬಲ ಪೂರ್ತಿ ಟೈರಿನ ಬುಡದಲ್ಲಿ ಅಡ್ಡಕ್ಕೆ ಬೀಳುತ್ತದೆ, 24 ಸೆಂ.ಮೀ. ಉದ್ದದ ಸನಿಕೆಯಿಂದ ಹಬ್ಬನ್ನು ಮೀಟಿದ ಹಾಗೆ.

ನಿಮ್ಮದೇ ಅಂಕಿ ಹಿಡಿದು ನೋಡೋಣ. ಗಂಟೆಗೆ 30 ಕಿ.ಮೀ. ಅಂದರೆ ಸೆಕೆಂಡಿಗೆ 8.33 ಮೀಟರ್. ತಿರುವಿನ ತ್ರಿಜ್ಯ 12 ಮೀಟರ್ ಅಂದುಕೊಂಡರೆ ವೇಗದ ವರ್ಗವನ್ನು 12ರಿಂದ ಭಾಗಿಸಿದಾಗ 5.8 ಬರುತ್ತದೆ, ಅಂದರೆ ಸುಮಾರು 0.59 ಜಿ (ಗುರುತ್ವದ 0.59 ಪಟ್ಟು). 100 ಕೆ.ಜಿ.ಗೆ ಒಟ್ಟು ಅಡ್ಡ ಬಲ 580 ನ್ಯೂಟನ್. ಅದರಲ್ಲಿ 70 ಭಾಗ, 405 ನ್ಯೂಟನ್, ಮುಂದಿನ ಜೋಡಿಗೆ.

ಇನ್ನು ಭಾರ ಪಕ್ಕಕ್ಕೆ ಸರಿಯುವ ಲೆಕ್ಕ. ಹಿಂದೆ ಒಂದೇ ಚಕ್ರ ಇರುವುದರಿಂದ ಗಾಡಿ ಮಗುಚದಂತೆ ಹಿಡಿಯುವ ಕೆಲಸವೆಲ್ಲ ಮುಂದಿನ ಎರಡು ಚಕ್ರದ್ದೇ. 580 ಗುಣಿಸು 0.28 ಭಾಗಿಸು 0.60, ಅಂದರೆ 270 ನ್ಯೂಟನ್ ಒಳ ಚಕ್ರದಿಂದ ಹೊರ ಚಕ್ರಕ್ಕೆ ಹೋಗುತ್ತದೆ. ನಿಂತಾಗ ತಲಾ 343 ಇದ್ದದ್ದು ಹೊರ ಚಕ್ರದಲ್ಲಿ 613 ಆಗುತ್ತದೆ, ಒಳ ಚಕ್ರದಲ್ಲಿ 73 ಉಳಿಯುತ್ತದೆ. 73 ನ್ಯೂಟನ್ ಅಂದರೆ ಏಳೂವರೆ ಕೆ.ಜಿ. ಅಷ್ಟೇ. ಚಾಲಕಿ ಹ್ಯಾಂಡಲ್ ಸ್ವಲ್ಪ ಜೋರಾಗಿ ಎಳೆದರೆ ಒಳ ಚಕ್ರ ಎದ್ದೇ ಬಿಡುತ್ತದೆ. ಇದನ್ನು ವೀಲ್ ಪ್ರಶ್ನೆಯಿಂದ ಬೇರೆಯಾಗಿ ಗಮನಿಸಿ: ಚಕ್ರದ ಅಂತರವನ್ನು ಇನ್ನೂ 8-10 ಸೆಂ.ಮೀ. ಹೆಚ್ಚಿಸಲು ಆಗುತ್ತದೆಯೇ ನೋಡಿ.

ಟೈರ್ ಹಿಡಿತ ಭಾರಕ್ಕೆ ತಕ್ಕಂತೆ ಹಂಚಿಕೊಳ್ಳುವುದರಿಂದ 405ರಲ್ಲಿ ಸುಮಾರು 360 ನ್ಯೂಟನ್ ಹೊರ ಚಕ್ರ ಒಂದರ ಪಾಲು. 0.24 ಮೀಟರ್ ತ್ರಿಜ್ಯಕ್ಕೆ ಹಬ್ಬಿನ ಮೇಲೆ 86 ನ್ಯೂಟನ್-ಮೀಟರ್ ತಿರುಚು. ಇದರ ದುಪ್ಪಟ್ಟು ಹಿಡಿಯಿರಿ: 720 ನ್ಯೂಟನ್ ಅಡ್ಡ ಬಲ, 173 ನ್ಯೂಟನ್-ಮೀಟರ್. ನೇರ ಭಾರಕ್ಕೆ ಹೊರ ಚಕ್ರದ 613ರ ಮೂರು ಪಟ್ಟು, ಹೆಚ್ಚುಕಡಿಮೆ 1,850 ನ್ಯೂಟನ್, ರಸ್ತೆಯ ಕುಲುಕಾಟಕ್ಕಾಗಿ.

ಬ್ರೇಕ್ ಲೋಡ್ ಇದರ ಮುಂದೆ ಸಣ್ಣದು. 20 ಶೇಕಡಾ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಲು 192 ನ್ಯೂಟನ್ ಸಾಕು. ಮುಂದಿನ ಎರಡಕ್ಕೆ ಹಂಚಿದರೆ ಚಕ್ರಕ್ಕೆ 23 ನ್ಯೂಟನ್-ಮೀಟರ್, ಹಿಂದಿನ ಚಕ್ರ ಒಂದೇ ಹಿಡಿದರೆ 46.

ಕಡ್ಡಿಕಟ್ಟು:

ಮೇಲಿನ ಲೆಕ್ಕ ಸರಿ ಇದೆ. ಈಗ ತೂಕದ ಮಾತು. ಕಾರ್ಬನ್ ಹಾಕಿದರೆ ಹಗುರ ಅನ್ನುವುದನ್ನು ತಕ್ಕಡಿಗೆ ಹಾಕಿ ನೋಡೋಣ.

ನಿಮ್ಮ ತಟ್ಟೆಯ ಹೊರ ತ್ರಿಜ್ಯ 195 ಎಂ.ಎಂ., ಹಬ್ಬಿನ ಹತ್ತಿರ 40. ಒಂದು ಮುಖದ ವಿಸ್ತೀರ್ಣ 0.114 ಚದರ ಮೀಟರ್. ಎರಡು ಪದರ 200 ಗ್ರಾಂ ಬಟ್ಟೆ, ಕೈಯಲ್ಲಿ ಲೇಪಿಸಿದರೆ ಅಷ್ಟೇ ತೂಕದ ರೆಸಿನ್ ಅಂಟು, ಅಂದರೆ ಚದರ ಮೀಟರಿಗೆ 800 ಗ್ರಾಂ. ಎರಡು ಮುಖಕ್ಕೆ 183 ಗ್ರಾಂ. 80 ಕೆ.ಜಿ. ಸಾಂದ್ರತೆಯ ಫೋಮು 10 ಎಂ.ಎಂ.ಗೆ 92 ಗ್ರಾಂ. ಫೋಮಿನ ರಂಧ್ರ ಕುಡಿಯುವ ರೆಸಿನ್ ಇನ್ನೊಂದು 45 ಗ್ರಾಂ. ಒಟ್ಟು 320.

ಕಡ್ಡಿ ಎಷ್ಟು? 2 ಎಂ.ಎಂ. ದಪ್ಪ, 178 ಎಂ.ಎಂ. ಉದ್ದದ ಒಂದು ಸ್ಟೀಲ್ ಕಡ್ಡಿ 4.4 ಗ್ರಾಂ, ಅದನ್ನು ರಿಮ್ಮಿಗೆ ಬಿಗಿಯುವ ಹಿತ್ತಾಳೆ ನಿಪ್ಪಲ್ 1 ಗ್ರಾಂ. 36ಕ್ಕೆ 194 ಗ್ರಾಂ. ಮೇಲೆ ಗಾಳಿ ತಡೆಯಲು 0.25 ಎಂ.ಎಂ. ಪೆಟ್ ಪ್ಲಾಸ್ಟಿಕ್ ಶೀಟ್ ಎರಡೂ ಬದಿಗೆ ಕಟ್ಟಿದರೂ 80 ಗ್ರಾಂ. ಸೇರಿಸಿ 275. ಅಂದರೆ ಅಷ್ಟೆಲ್ಲ ಶ್ರಮಪಟ್ಟು ಮಾಡಿದ ಕಾರ್ಬನ್ ತಟ್ಟೆ ಸಾದಾ ಕಡ್ಡಿಗಿಂತ ಭಾರ. ನಿಮ್ಮ 2.1 ಕೆ.ಜಿ. ಇರುವುದು ಕಡ್ಡಿಯಲ್ಲಿ ಅಲ್ಲ: ದಪ್ಪ ಟೈರು, ದಪ್ಪ ಟ್ಯೂಬು, ಸ್ಟೀಲ್ ಹಬ್ಬು, ಘನ ಆಕ್ಸಲ್. ಒಂದೊಂದನ್ನೂ ಬಿಚ್ಚಿ ಬೇರೆ ಬೇರೆ ತೂಗಿ ಪಟ್ಟಿ ಮಾಡಿ, ಆಮೇಲೆ ಎಲ್ಲಿ ಕತ್ತರಿ ಹಾಕಬೇಕೋ ತಾನಾಗಿ ಕಾಣುತ್ತದೆ.

ಕಡ್ಡಿ ವೀಲ್ ಅಡ್ಡ ಲೋಡ್ ತಡೆಯುತ್ತದೆಯೇ? ಸರಿಯಾಗಿ ಕಟ್ಟಿದರೆ ತಡೆಯುತ್ತದೆ, ಮತ್ತು 20 ಇಂಚಿನಲ್ಲಿ ದೊಡ್ಡ ಚಕ್ರಕ್ಕಿಂತ ಚೆನ್ನಾಗಿ. ಹಬ್ಬಿನ ಕಿವಿ (ಕಡ್ಡಿ ಸಿಕ್ಕಿಸುವ ಅಂಚು) ನಡುಗೆರೆಯಿಂದ 35 ಎಂ.ಎಂ. ದೂರ ಇದ್ದು ಕಡ್ಡಿ ಸುಮಾರು 175 ಎಂ.ಎಂ. ಇದ್ದರೆ ಓರೆ 35ಕ್ಕೆ 175, ಅಂದರೆ ಐದಕ್ಕೆ ಒಂದು. ಅದೇ ಹಬ್ಬಿಗೆ 26 ಇಂಚಿನ ರಿಮ್ ಹಾಕಿದರೆ ಏಳಕ್ಕೆ ಒಂದು ಆಗಿಬಿಡುತ್ತದೆ. ಹಾಗಾಗಿ ಹಬ್ಬಿನ ಎರಡು ಕಿವಿಗಳ ನಡುವೆ 70 ಎಂ.ಎಂ. ಅಂತರ ಕೊಡಿ, ಕಡಿಮೆ ಬೇಡ. ಡಿಸ್ಕ್ ಬ್ರೇಕಿಗೆ ಜಾಗ ಬೇಕು ಅಂತ ಒಂದು ಕಿವಿಯನ್ನು ಒಳಕ್ಕೆ ಎಳೆದರೆ ಆ ಬದಿಯ ಕಡ್ಡಿ ನೆಟ್ಟಗಾಗಿ ದುರ್ಬಲವಾಗುತ್ತದೆ. ಹಬ್ಬು ನೀವೇ ಕಡೆಯುವುದಾದ್ದರಿಂದ ಬ್ರೇಕಿನ ತಟ್ಟೆಯಾದ ರೋಟರನ್ನು ಕಿವಿಯಿಂದ ಆಚೆಗೆ ಇಡಿ, ಎರಡೂ ಬದಿ ಸಮ ಓರೆ ಉಳಿಯಲಿ.

ಬಿಗಿತವೇ ಇಲ್ಲಿ ಜೀವಾಳ. ಕಡ್ಡಿ ಎಳೆತಕ್ಕೆ ಮಾತ್ರ ಕೆಲಸ ಮಾಡುತ್ತದೆ, ಒತ್ತಿದರೆ ಬಾಗುತ್ತದೆ. 720 ನ್ಯೂಟನ್ ಅಡ್ಡ ಬಿದ್ದಾಗ ಬುಡದ ಐದಾರು ಕಡ್ಡಿಗಳ ಎಳೆತ ಅಂದಾಜು 350-400 ನ್ಯೂಟನ್ ಇಳಿಯುತ್ತದೆ, ಎದುರು ಬದಿಯಲ್ಲಿ ಅಷ್ಟೇ ಏರುತ್ತದೆ. ಮೊದಲೇ 1,000 ನ್ಯೂಟನ್ ಬಿಗಿ ಇದ್ದರೆ 600 ಉಳಿಯಿತು, ಚಿಂತೆಯಿಲ್ಲ. 400 ಮಾತ್ರ ಇದ್ದರೆ ಕಡ್ಡಿ ಸಡಿಲಾಗಿ ರಿಮ್ ಆ ಜಾಗದಲ್ಲಿ ಒಂಟಿಯಾಗುತ್ತದೆ, ಒಂದೇ ತಿರುವಿನಲ್ಲಿ ಹಪ್ಪಳ ಕರಿದಂತೆ ಮಡಚಿಕೊಳ್ಳುತ್ತದೆ. ಒಮ್ಮೆಗೇ ಹಾಗಾಗದಿದ್ದರೂ ಸಡಿಲಾದ ಪ್ರತಿ ಸಲ ನಿಪ್ಪಲ್ ಸ್ವಲ್ಪ ಸ್ವಲ್ಪ ತಿರುಗುತ್ತಾ ಹೋಗುತ್ತದೆ, ಎರಡು ದಿನ ಅಭ್ಯಾಸ ಓಡಿಸುವಷ್ಟರಲ್ಲಿ ವೀಲ್ ಔಟ್, ಅಂದರೆ ಸೊಟ್ಟ.

ಕಟ್ಟುವಾಗ: 36 ತೂತಿನ ಎರಡು ಗೋಡೆಯ ಅಲಾಯ್ ರಿಮ್ ತನ್ನಿ. ಸಣ್ಣ ರಿಮ್ಮಿಗೆ ಮೂರು ಅಡ್ಡ ಹೆಣಿಗೆ (ಒಂದು ಕಡ್ಡಿ ಬೇರೆ ಮೂರನ್ನು ದಾಟುವಂತೆ) ಹಾಕಿದರೆ ಕಡ್ಡಿ ನಿಪ್ಪಲ್ ಬುಡದಲ್ಲಿ ಸೊಟ್ಟಗೆ ಹೊರಡುತ್ತದೆ, ಅಲ್ಲೇ ತುಂಡಾಗುತ್ತದೆ. ಎರಡು ಅಡ್ಡ ಹಾಕಿ. ಯಾವ ಕಡ್ಡಿಯನ್ನೂ ದಾಟದ ನೇರ ಹೆಣಿಗೆ ಡಿಸ್ಕ್ ಬ್ರೇಕ್ ಇರುವ ಚಕ್ರಕ್ಕೆ ಬೇಡ, ತಿರುಗು ಬಲ ತಾಳದೆ ಹಬ್ಬಿನ ಕಿವಿ ಬಿರುಕು ಬಿಡುತ್ತದೆ. ಟೆನ್ಷನ್ ಮೀಟರ್ ಸಿಗದಿದ್ದರೆ ಬೆರಳಲ್ಲಿ ಮೀಟಿ ಕೇಳಿ, ಒಂದೇ ಬದಿಯ 18 ಕಡ್ಡಿಯೂ ಒಂದೇ ಸ್ವರ ಕೊಡಬೇಕು. ಒಂದು ಕಡ್ಡಿ ಮಂದ್ರಕ್ಕೆ ಇಳಿದರೆ ಅದರ ಪಕ್ಕದ್ದು ತಾರಕಕ್ಕೆ ಏರಿರುತ್ತದೆ. ಔಟ್ ತೆಗೆದ ಮೇಲೆ ಜೋಡಿ ಕಡ್ಡಿಗಳನ್ನು ಕೈಯಲ್ಲಿ ಗಟ್ಟಿಯಾಗಿ ಹಿಚುಕಿ, ಮತ್ತೆ ಔಟ್ ತೆಗೆಯಿರಿ. ಹಿಚುಕಿದಾಗ ಟಿಕ್ ಟಿಕ್ ಸದ್ದು ನಿಲ್ಲುವ ತನಕ ಮೂರು ನಾಲ್ಕು ಸುತ್ತು ಮಾಡಬೇಕು. ಅಲ್ಯೂಮಿನಿಯಂ ನಿಪ್ಪಲ್ ಹಾಕಿದರೆ ಚಕ್ರಕ್ಕೆ 25 ಗ್ರಾಂ ಉಳಿಯುತ್ತದೆ. ಅದಕ್ಕೆ ಆಸೆಪಡಬೇಡಿ, ಬಿಗಿ ಮಾಡುವಾಗಲೇ ತಲೆ ಸವೆದು ಉರುಟಾಗುತ್ತದೆ.

ಇನ್ನೊಂದು. 20 ಇಂಚು ಅಂತ ಮಾರುವ ರಿಮ್‌ಗಳಲ್ಲಿ ಟೈರ್ ಕೂರುವ ವ್ಯಾಸ 406 ಎಂ.ಎಂ. ಇರುವುದೂ ಇದೆ, 451 ಇರುವುದೂ ಇದೆ. ಒಂದರ ಟೈರ್ ಇನ್ನೊಂದಕ್ಕೆ ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಮೂರಂಕಿ ಓದಿ ತನ್ನಿ.

ತ್ರಿಚಕ್ರ_ತಂಡ:

ತುಂಬಾ ಧನ್ಯವಾದ. ನಿಜ ಹೇಳಬೇಕಂದರೆ ಕಡ್ಡಿಯ ತೂಕವನ್ನು ನಾವು ಬೇರೆಯಾಗಿ ತೂಗಿಯೇ ಇರಲಿಲ್ಲ. ಇವತ್ತು ತೂಗಿದೆವು, ಟೈರ್ ಒಂದೇ 690 ಗ್ರಾಂ ಇದೆ.

ಮುಂದಿನ ಚಕ್ರ ಬಾಡಿಯ ಹೊರಗಿದೆ, ಹಾಗಾಗಿ ಗಾಳಿಗೆ ಡಿಸ್ಕ್ ಒಳ್ಳೆಯದು ಅನ್ನುವ ಆಸೆ ಇನ್ನೂ ಇದೆ. ಕಾರ್ಬನ್ ಬಟ್ಟೆ ಆಗಲೇ ತಂದಾಗಿದೆ. ಅದನ್ನು ಸರಿಯಾಗಿ ಮಾಡುವ ದಾರಿ ಇದ್ದರೆ ಹೇಳಿ. ಹಬ್ಬನ್ನು ಬೆಳಗಾವಿ ಉದ್ಯಮಬಾಗಿನಲ್ಲಿ ಲೇತ್ ಮಾಡಿಸುತ್ತೇವೆ. ಬೇರಿಂಗ್ ಬಗ್ಗೆಯೂ ಯಾರಾದರೂ ಹೇಳಿ.

ಪದರ_ರೆಸಿನ್:

ಬಟ್ಟೆ ತಂದಾಗಿದ್ದರೆ ಮಾಡಿ, ಆದರೆ ಚಪ್ಪಟೆ ತಟ್ಟೆ ಬಿಟ್ಟುಬಿಡಿ. ಎರಡು ಶಂಕು ಮಾಡಿ. ಊಟದ ಎರಡು ತಟ್ಟೆಗಳನ್ನು ಬಾಯಿಗೆ ಬಾಯಿ ಕೊಟ್ಟು ಮುಚ್ಚಿದ ಆಕಾರ: ರಿಮ್ ಹತ್ತಿರ ಎರಡೂ 20 ಎಂ.ಎಂ. ಅಂತರಕ್ಕೆ ಬಂದು ಸೇರುತ್ತವೆ, ಹಬ್ಬಿನ ಹತ್ತಿರ 70 ಎಂ.ಎಂ. ಅಗಲಿರುತ್ತವೆ.

ಯಾಕೆ ಅಂದರೆ, ಚಪ್ಪಟೆ ತಟ್ಟೆ ಅಡ್ಡ ಲೋಡನ್ನು ಬಾಗುವಿಕೆಯಿಂದ ತಡೆಯಬೇಕು. 173 ನ್ಯೂಟನ್-ಮೀಟರ್ ತಿರುಚು 40 ಎಂ.ಎಂ. ತ್ರಿಜ್ಯದ ಹಬ್ಬಿನ ಸುತ್ತ ಇಳಿಯುವಾಗ ಅಂಚಿನ ಪ್ರತಿ ಮೀಟರಿಗೆ ಸುಮಾರು 1,380 ನ್ಯೂಟನ್-ಮೀಟರ್ ಆಗುತ್ತದೆ. ಎರಡು ಚರ್ಮಗಳ (ಕಾರ್ಬನ್ ಮುಖಗಳ) ನಡುವೆ 10.5 ಎಂ.ಎಂ. ಮಾತ್ರ ಅಂತರ, ಒಂದೊಂದು ಚರ್ಮ 0.55 ಎಂ.ಎಂ. ದಪ್ಪ. ಒತ್ತಡ 240 ಮೆಗಾಪಾಸ್ಕಲ್ ಹತ್ತಿರ ಹೋಗುತ್ತದೆ. ಕೈಲೇಪದ ನೇಯ್ದ ಬಟ್ಟೆ ಒತ್ತುವ ಬದಿಯಲ್ಲಿ ಅಲ್ಲಿಯೇ ಸುಕ್ಕಾಗಿ ಫೋಮಿನೊಳಗೆ ಕುಸಿಯಬಹುದು. ಅದೇ ಚರ್ಮಗಳು 70 ಎಂ.ಎಂ. ದೂರ ನಿಂತರೆ ಒತ್ತಡ 35 ಮೆಗಾಪಾಸ್ಕಲ್. ಬಟ್ಟೆ ಅಷ್ಟೇ, ರೆಸಿನ್ ಅಷ್ಟೇ, ಬಲ ಏಳು ಪಟ್ಟು. ದಪ್ಪ ಫೋಮಿನ 92 ಗ್ರಾಮೂ ಬೇಕಿಲ್ಲ. ತೆಳು ಚರ್ಮ ಡೊಗರಾಗದಂತೆ ಪ್ರತಿ ಶಂಕುವಿನ ಎರಡು ಪದರದ ನಡುವೆ 2 ಎಂ.ಎಂ. ಫೋಮ್ ಶೀಟ್ ಸಾಕು. ಅದನ್ನೂ ಹಬ್ಬಿನ ಅಂಚಿನಿಂದ 25 ಎಂ.ಎಂ., ರಿಮ್ ಅಂಚಿನಿಂದ 20 ಎಂ.ಎಂ. ಮೊದಲೇ ಓರೆಯಾಗಿ ಮುಗಿಸಿ, ಅಂಟುವ ಜಾಗದಲ್ಲಿ ಬರೀ ಕಾರ್ಬನ್ ಇರಬೇಕು. ಹಬ್ಬಿನ ಸುತ್ತ 90 ಎಂ.ಎಂ. ತ್ರಿಜ್ಯದ ತನಕ ಇನ್ನೊಂದು ಪದರ, 70ರ ತನಕ ಮತ್ತೊಂದು.

ಅಚ್ಚು ಮಾಡುವುದು ಕಷ್ಟವಲ್ಲ. ಏರಿಕೆ 25 ಎಂ.ಎಂ. ಮಾತ್ರ. ಬಟ್ಟೆಯನ್ನು ದುಂಡಗೆ ಕತ್ತರಿಸಿ ಅದರಿಂದ 4.6 ಡಿಗ್ರಿಯ ಸಣ್ಣ ತುಂಡು ತೆಗೆದರೆ ಅದು ತಾನೇ ಶಂಕುವಾಗಿ ಕೂರುತ್ತದೆ. ಕತ್ತರಿಸಿದ ಜಾಗ 15 ಎಂ.ಎಂ. ಮೇಲೊಂದು ಬೀಳಲಿ, ಅದಕ್ಕೆ ಬೇಕಾದ ಬಟ್ಟೆ ಮೊದಲೇ ಬಿಟ್ಟುಕೊಳ್ಳಿ. ಮೊದಲ ಪದರದ ಎಳೆ ಉದ್ದ-ಅಡ್ಡ ಇದ್ದರೆ ಎರಡನೆಯದನ್ನು 45 ಡಿಗ್ರಿ ತಿರುಗಿಸಿ ಹಾಕಿ, ಎರಡರ ಸೀಳು ಒಂದೇ ಕಡೆ ಬರಬಾರದು. ಎಲ್‌ವೈ 556 ರೆಸಿನ್‌ಗೆ ಎಚ್‌ವೈ 951 ಹಾರ್ಡನರ್ ನೂರಕ್ಕೆ ಹತ್ತು, ತೂಕದಲ್ಲಿ, ಅಳತೆ ಲೋಟದಲ್ಲಿ ಅಲ್ಲ. ಒಮ್ಮೆಗೆ 150 ಗ್ರಾಂಗಿಂತ ಹೆಚ್ಚು ಕಲಸಬೇಡಿ. ನಮ್ಮ ಬೇಸಿಗೆಯಲ್ಲಿ ಡಬ್ಬಿಯಲ್ಲೇ ಬಿಸಿಯಾಗಿ ಗಟ್ಟಿಯಾಗುತ್ತದೆ. ಕಲಸಿದ್ದನ್ನು ಅಗಲ ತಟ್ಟೆಗೆ ಸುರಿದುಕೊಂಡರೆ ಹೆಚ್ಚು ಹೊತ್ತು ಸಿಗುತ್ತದೆ. ಅಂಟುವ ಅಂಚಿಗೆಲ್ಲ ಪೀಲ್ ಪ್ಲೈ (ಆಮೇಲೆ ಕಿತ್ತು ತೆಗೆಯುವ ಬಟ್ಟೆ) ಹಾಕಿ, ಅಂಟಿಸುವ ದಿನವೇ ಕಿತ್ತು ತೆಗೆಯಿರಿ.

ಹೆಚ್ಚಿನವರು ಎಡವುವುದು ಅಂಟಿಸುವಾಗ. ಶಂಕುಗಳನ್ನು ಅಚ್ಚಿನ ಮೇಲೆ ಇರುವಾಗಲೇ 80 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಬೇಯಿಸಿ, ಇಲ್ಲದಿದ್ದರೆ ಕಪ್ಪು ಚಕ್ರ ಬಿಸಿಲಿನಲ್ಲಿ ನಿಂತಾಗ ಮೆತ್ತಗಾಗುತ್ತದೆ. ಆದರೆ ಅಲ್ಯೂಮಿನಿಯಂ ರಿಮ್ಮಿಗೆ ಅಂಟಿಸಿದ ಮೇಲೆ ಬೇಯಿಸಬೇಡಿ. 55 ಡಿಗ್ರಿ ಏರಿದರೆ 406 ಎಂ.ಎಂ. ರಿಮ್ ವ್ಯಾಸದಲ್ಲಿ ಅರ್ಧ ಎಂ.ಎಂ. ಹಿಗ್ಗುತ್ತದೆ, ಕಾರ್ಬನ್ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಹಿಗ್ಗಿದ ರಿಮ್ ಮೇಲೆ ಅಂಟು ಗಟ್ಟಿಯಾಗಿ, ತಣ್ಣಗಾದಾಗ ರಿಮ್ ಕುಗ್ಗಿ ಅಂಟನ್ನು ಎಳೆಯುತ್ತಲೇ ಇರುತ್ತದೆ. ಅಂಟು ಕೋಣೆಯ ಬಿಸಿಯಲ್ಲೇ ಒಂದು ಹಗಲು ಒಂದು ರಾತ್ರಿ ಒಣಗಲಿ. ಕಾರ್ಬನ್ ನೇರವಾಗಿ ಅಲ್ಯೂಮಿನಿಯಂಗೆ ತಾಗಿದರೆ ತೇವದಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಅದಕ್ಕೆ ನಡುವೆ ತೆಳು ಗ್ಲಾಸ್ ಬಟ್ಟೆಯ ಒಂದು ಪದರ. ರಿಮ್ಮನ್ನು 180 ನಂಬರ್ ಮರಳು ಕಾಗದದಲ್ಲಿ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಬಟ್ಟೆ ಕಪ್ಪಾಗದ ತನಕ ಒರೆಸುತ್ತಿರಿ, ಒಂದು ಗಂಟೆಯೊಳಗೆ ಅಂಟಿಸಿ. ಅಂಟಿನ ದಪ್ಪ 0.2 ಎಂ.ಎಂ. ಬರಲು ಅಷ್ಟೇ ದಪ್ಪದ ಮೀನು ಗಾಳದ ದಾರದ ಚೂರುಗಳನ್ನು ಅಲ್ಲಲ್ಲಿ ಇಡಿ. ಬರೀ ಕ್ಲಾಂಪ್ ಬಿಗಿದರೆ ಅಂಟೆಲ್ಲ ಹೊರಗೆ ಹರಿದುಹೋಗುತ್ತದೆ.

ರಿಮ್ಮನ್ನೇ ಕಾರ್ಬನ್‌ನಲ್ಲಿ ಮಾಡುವ ಯೋಚನೆ ಮೊದಲ ವರ್ಷಕ್ಕೆ ಬೇಡ. 5 ಬಾರ್ ಗಾಳಿಯಲ್ಲಿ 45 ಎಂ.ಎಂ. ಅಗಲದ ಟೈರಿನ ಬಟ್ಟೆ ರಿಮ್ಮಿನ ತುಟಿಯನ್ನು ಪ್ರತಿ ಮೀಟರಿಗೆ 11,000 ನ್ಯೂಟನ್‌ಗೂ ಹೆಚ್ಚು ಬಲದಿಂದ ಎಳೆಯುತ್ತದೆ. ಆ ತುಟಿಯಲ್ಲಿ ಪದರಗಳು ಬಾಗುವ ಜಾಗದಲ್ಲಿ ಒಂದು ಗಾಳಿಗುಳ್ಳೆ ಇದ್ದರೂ ಸೀಳುತ್ತದೆ.

ಲೇತ್_ಪಕ್ಕ:

ಹಬ್ಬು ಮತ್ತು ಬೇರಿಂಗ್ ನನಗೆ ಬಿಡಿ.

61802 ಬೇಡವೇ ಬೇಡ. ಎರಡು ಬೇರಿಂಗ್ ನಡುವೆ 50 ಎಂ.ಎಂ. ಅಂತರ ಅಂದುಕೊಳ್ಳಿ. 86 ನ್ಯೂಟನ್-ಮೀಟರ್ ತಿರುಚು ಒಂದೊಂದು ಬೇರಿಂಗಿನ ಮೇಲೆ 1,720 ನ್ಯೂಟನ್ ಜೋಡಿ ಬಲವಾಗಿ ಬೀಳುತ್ತದೆ, ದುಪ್ಪಟ್ಟು ಹಿಡಿದರೆ 3,460. 61802ರ ಸ್ಥಿರ ಸಾಮರ್ಥ್ಯ (ಗುಳಿ ಬೀಳದೆ ತಾಳುವ ಭಾರ) 1,500 ನ್ಯೂಟನ್ನಿಗೂ ಕಡಿಮೆ. ಮೊದಲ ಜೋರು ತಿರುವಿನಲ್ಲೇ ಗುಂಡುಗಳು ರೇಸಿನಲ್ಲಿ (ಬೇರಿಂಗಿನ ಬಳೆಯಲ್ಲಿ) ಗುಳಿ ಮಾಡುತ್ತವೆ, ಆಮೇಲೆ ಕೈಯಲ್ಲಿ ತಿರುಗಿಸಿದರೆ ಕಟಕಟ ಅನ್ನುತ್ತದೆ. 61804 ಸುಮಾರು 2,300, ಅದೂ ಸಾಲದು. 61904, ಅಂದರೆ 20 ಒಳ, 37 ಹೊರ, 9 ಅಗಲ, ಸುಮಾರು 3,650 ತಡೆಯುತ್ತದೆ, ತೂಕ 40 ಗ್ರಾಂ ಒಳಗೆ. ಇದನ್ನೇ ಹಾಕಿ. ಚಕ್ರದ ನಡುಗೆರೆ ಎರಡು ಬೇರಿಂಗ್‌ಗಳ ನಡುವೆಯೇ ಬರಬೇಕು.

15 ಎಂ.ಎಂ. ಸ್ಟಬ್ಬಿನಲ್ಲಿ 173 ನ್ಯೂಟನ್-ಮೀಟರ್‌ಗೆ ಬಾಗುವ ಒತ್ತಡ 520 ಮೆಗಾಪಾಸ್ಕಲ್, ಇಎನ್8 ಬಾಗಿಯೇ ಬಿಡುತ್ತದೆ. 20 ಎಂ.ಎಂ.ಗೆ 220. ಅದರ ನಡುವೆ 10 ಎಂ.ಎಂ. ತೂತು ಕೊರೆದರೆ ಒತ್ತಡ 235ಕ್ಕೆ ಏರುತ್ತದೆ ಅಷ್ಟೇ, ತೂಕ ಮಾತ್ರ ಕಾಲು ಭಾಗ ಇಳಿಯುತ್ತದೆ. ಗ್ರಾಂ ಉಳಿಸುವ ಜಾಗ ಇದು. ಸ್ಟೀಲು ಇಎನ್24, ಗಟ್ಟಿ ಮಾಡಿದ್ದು. ಬುಡದ ಮೂಲೆ ಚೂಪಾಗಿ ಬಿಡಬೇಡಿ, ಅಲ್ಲಿಂದಲೇ ಬಿರುಕು ಶುರು. 2 ಎಂ.ಎಂ. ದುಂಡು ಕೊಡಿ. ಆದರೆ ಬೇರಿಂಗಿನ ಒಳ ಅಂಚಿನ ದುಂಡು 0.3 ಎಂ.ಎಂ. ಮಾತ್ರ, ಅದು 2 ಎಂ.ಎಂ. ಮೂಲೆಯ ಮೇಲೆ ಹತ್ತಿ ಕೂತು ಓರೆಯಾಗುತ್ತದೆ. ಅದಕ್ಕೆ ನಡುವೆ ಒಳ ಅಂಚು ಕೆರೆದ 4 ಎಂ.ಎಂ. ರಿಂಗ್ ಹಾಕಿ.

ಇಲ್ಲಿ ತಿರುಗುವುದು ಹಬ್ಬು, ಆಕ್ಸಲ್ ನಿಂತಿರುತ್ತದೆ. ಹಾಗಾಗಿ ಹೊರ ರೇಸ್ ಬಿಗಿ, ಒಳ ರೇಸ್ ಜಾರು. ಹುಡುಗರು ಇದನ್ನು ತಿರುವುಮುರುವು ಮಾಡುತ್ತಾರೆ, ಆಗ ಹೊರ ರೇಸ್ ಅಲ್ಯೂಮಿನಿಯಂ ಒಳಗೆ ತೆವಳುತ್ತಾ ಬೋರ್ (ಹಬ್ಬಿನ ತೂತು) ಸವೆಸುತ್ತದೆ. ಹಬ್ಬಿನ ಬೋರು 36.98ರಿಂದ 36.99, ಆಕ್ಸಲ್ 19.985ರಿಂದ 19.995. ಎರಡೂ ಬೇರಿಂಗ್ ಕೂರುವ ಬೋರನ್ನು ಒಂದೇ ಸಲ ಲೇತಿನ ಚಕ್ಕಿನಲ್ಲಿ ಹಿಡಿದು ಆರಪಾರ ಮಾಡಿಸಿ. ತಿರುಗಿಸಿ ಹಿಡಿದರೆ ಎರಡರ ನಡು ಒಂದೇ ಗೆರೆಯಲ್ಲಿ ಇರುವುದಿಲ್ಲ.

ಎರಡು ಒಳ ರೇಸ್‌ಗಳ ನಡುವೆ ಆಕ್ಸಲ್ ಮೇಲೆ ಒಂದು ಬುಶ್ (ಕೊಳವೆ) ಬೇಕೇ ಬೇಕು. ಅದಿಲ್ಲದೆ ನಟ್ ಬಿಗಿದರೆ ಬಿಗಿತವೆಲ್ಲ ಗುಂಡುಗಳ ಮೇಲೆ ಬಿದ್ದು ಚಕ್ರ ತಿರುಗುವುದೇ ಕಷ್ಟ. ಹೊರ ರೇಸ್‌ಗಳ ನಡುವೆಯೂ ತೆಳು ಅಲ್ಯೂಮಿನಿಯಂ ಬುಶ್ ಹಾಕಿ. ಎರಡು ಬುಶ್‌ಗಳನ್ನೂ ಒಟ್ಟಿಗೆ ಒಂದೇ ಉದ್ದಕ್ಕೆ ಫೇಸ್ ಮಾಡಿಸಿ (ತುದಿ ಚಪ್ಪಟೆಯಾಗಿ ಕಡೆಸಿ), ಆಮೇಲೆ ಹೊರ ಬುಶ್ಶನ್ನು ಮಾತ್ರ 0.05 ಎಂ.ಎಂ. ಕಡಿಮೆ ಮಾಡಿ. ಎರಡನೇ ಬೇರಿಂಗ್ ಒತ್ತುವಾಗ ಎರಡೂ ರೇಸ್ ಮೇಲೆ ಕೂರುವ ಚಪ್ಪಟೆ ವಾಷರ್ ಇಟ್ಟು ಒತ್ತಿ, ಒಳ ಬುಶ್ ತಾಗಿದ ಕೂಡಲೇ ನಿಲ್ಲಿಸಿ. ರಬ್ಬರ್ ಸೀಲ್ ತೆಗೆದು, ಗ್ರೀಸ್ ತೊಳೆದು ನಾಲ್ಕು ಹನಿ ತೆಳು ಎಣ್ಣೆ ಹಾಕುವುದು ಓಟದ ದಿನಕ್ಕೆ ಸರಿ, ಅಭ್ಯಾಸಕ್ಕೆ ಸೀಲ್ ಇರಲಿ.

ನೇರಸಾಲು:

ಒಂದು ಮಾತು ಸೇರಿಸಬೇಕು, ಯಾಕಂದರೆ ಎಲ್ಲರೂ ಗ್ರಾಂ ಎಣಿಸುತ್ತಿದ್ದೀರಿ. ರಿಮ್ಮಿನಲ್ಲಿ ಉಳಿಸಿದ 1 ಕೆ.ಜಿ. ವೇಗ ಹೆಚ್ಚಿಸುವಾಗ 2 ಕೆ.ಜಿ.ಗೆ ಸಮ, ನಿಜ. 100 ಕೆ.ಜಿ.ಯಲ್ಲಿ ಅದು 2 ಶೇಕಡಾ. ಆದರೆ ಈ ಓಟದಲ್ಲಿ ಮೋಟಾರ್ ಸ್ವಲ್ಪ ಹೊತ್ತು ಓಡಿಸಿ, ಆರಿಸಿ, ಗಾಡಿಯನ್ನು ಹಾಗೇ ಉರುಳಲು ಬಿಡುತ್ತೀರಿ. ಚಕ್ರದಲ್ಲಿ ತುಂಬಿದ ಶಕ್ತಿ ಉರುಳುವಾಗ ವಾಪಸ್ ಸಿಗುತ್ತದೆ, ಬ್ರೇಕ್ ಹಿಡಿದಾಗ ಮಾತ್ರ ನಷ್ಟ.

ಉರುಳು ಘರ್ಷಣೆ ಹಾಗಲ್ಲ, ಪ್ರತಿ ಮೀಟರಿಗೂ ತಿನ್ನುತ್ತದೆ. ಸಾದಾ ಬಿಎಂಎಕ್ಸ್ ಸೈಕಲ್ ಟೈರಿನ ಗುಣಾಂಕ 0.005 ಅಂದರೂ 100 ಕೆ.ಜಿ.ಗೆ 4.9 ನ್ಯೂಟನ್. ಈ ಸ್ಪರ್ಧೆಗೆಂದೇ ಮಿಷಲಿನ್ ಮಾಡಿದ ರೇಡಿಯಲ್ ಟೈರ್ 0.001ರ ಆಸುಪಾಸು, ಅಂದರೆ 1 ನ್ಯೂಟನ್. 2005ರಲ್ಲಿ ಒಂದು ಲೀಟರ್ ಪೆಟ್ರೋಲಿನ ಶಕ್ತಿಗೆ 5,385 ಕಿ.ಮೀ. ಓಡಿದ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ಯಾಕ್-ಕಾರ್ 2 ಗಾಡಿಯೂ ಅಂಥ ಟೈರ್ ಮೇಲೆಯೇ ಓಡಿದ್ದು. ಟೈರ್ ಮೊದಲು ಗೊತ್ತು ಮಾಡಿ, ಅದರ ತಯಾರಕರು ಕೊಡುವ ರಿಮ್ ನಕ್ಷೆ ನೋಡಿ ರಿಮ್ ಆರಿಸಿ. ಕೈಗೆ ಸಿಕ್ಕ ಸೈಕಲ್ ರಿಮ್ಮಿಗೆ ಬಲವಂತವಾಗಿ ಏರಿಸಬೇಡಿ.

ಅದಾದ ಮೇಲೆ ಮುಂದಿನ ಚಕ್ರಗಳ ಸಾಲು. ಒಂದೊಂದು ಚಕ್ರವೂ 1 ಡಿಗ್ರಿ ಒಳಕ್ಕೆ ನೋಡಿದರೆ ಪ್ರತಿಯೊಂದರಲ್ಲೂ ಸುಮಾರು 70 ನ್ಯೂಟನ್ ಅಡ್ಡ ಬಲ ಹುಟ್ಟಿ, ಅದರಲ್ಲಿ 1.2 ನ್ಯೂಟನ್ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ. ಎರಡು ಚಕ್ರಕ್ಕೆ 2.4. ಒಳ್ಳೆಯ ಟೈರಿನ ಇಡೀ ಘರ್ಷಣೆಗಿಂತ ಎರಡು ಪಟ್ಟು! ಇದು ಕೋನದ ವರ್ಗದಂತೆ ಏರುತ್ತದೆ, ಕಾಲು ಡಿಗ್ರಿಗೆ ತಂದರೆ 0.15ಕ್ಕೆ ಇಳಿಯುತ್ತದೆ. 478 ಎಂ.ಎಂ. ವ್ಯಾಸದ ಚಕ್ರದಲ್ಲಿ ಕಾಲು ಡಿಗ್ರಿ ಅಂದರೆ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ 2 ಎಂ.ಎಂ. ವ್ಯತ್ಯಾಸ. ನಿಮ್ಮ ವೀಲೇ 1 ಎಂ.ಎಂ. ಔಟ್ ಇದ್ದರೆ ಅಳೆಯುವುದಾದರೂ ಏನನ್ನು? ರಿಮ್ ಔಟ್ ಅರ್ಧ ಎಂ.ಎಂ. ಒಳಗೆ ಇರಬೇಕು. ಅಳೆಯುವಾಗ ರಿಮ್ಮಿನ ಒಂದು ಬಿಂದುವಿಗೆ ಗುರುತು ಹಾಕಿ, ಅದೇ ಬಿಂದುವನ್ನು ಮುಂದೆ ಒಮ್ಮೆ ಅಳೆದು, ಅರ್ಧ ಸುತ್ತು ಉರುಳಿಸಿ ಹಿಂದೆ ಅಳೆಯಿರಿ. ಚಾಲಕಿ ಒಳಗೆ ಕೂತೇ ಇರಬೇಕು, ಖಾಲಿ ಗಾಡಿಯ ಅಳತೆ ಕೂತ ಮೇಲೆ ಬದಲಾಗುತ್ತದೆ.

ತ್ರಿಚಕ್ರ_ತಂಡ:

ತೀರ್ಮಾನ: ಮುಂದಿನ ಎರಡಕ್ಕೆ 36 ಕಡ್ಡಿ, 70 ಎಂ.ಎಂ. ಹಬ್ಬು, 61904, ಮೇಲೆ ಪೆಟ್ ಶೀಟ್. ಹಿಂದಿನದಕ್ಕೆ ಶಂಕು ಕಾರ್ಬನ್ ಮಾಡಿ ನೋಡುತ್ತೇವೆ, ಅಲ್ಲಿ ಅಡ್ಡ ಲೋಡ್ ಕಡಿಮೆ. ಗಾಡಿಗೆ ಹಾಕುವ ಮೊದಲು ಪರೀಕ್ಷೆ ಹೇಗೆ?

ಲೋಡ್‌ಲೆಕ್ಕ:

ಹಿಂದಿನ ಚಕ್ರದಲ್ಲಿ ಒಟ್ಟು ಅಡ್ಡ ಬಲದ 30 ಭಾಗ, 175 ನ್ಯೂಟನ್ ಹತ್ತಿರ. ಮೊದಲ ಕಾರ್ಬನ್ ಚಕ್ರಕ್ಕೆ ಸರಿಯಾದ ಜಾಗ. ಅದರ ಪರೀಕ್ಷೆಗೂ 350 ಸಾಕು.

ಯಂತ್ರ ಬೇಡ. ಗಟ್ಟಿ ಮೇಜಿನ ಅಂಚಿಗೆ ಸ್ಟಬ್ ಆಕ್ಸಲ್ಲನ್ನು ನೆಟ್ಟಗೆ ಮೇಲ್ಮುಖವಾಗಿ ಬಿಗಿಯಿರಿ, ಚಕ್ರ ಅದರ ಮೇಲೆ ಬೀಸುವ ಕಲ್ಲಿನಂತೆ ಅಡ್ಡಲಾಗಿ ಮಲಗಿರಲಿ. ಹಿಂದಿನ ಚಕ್ರಕ್ಕೂ ಅದರ ಆಕ್ಸಲ್ಲನ್ನು ಹೀಗೇ ನೆಟ್ಟಗೆ ಹಿಡಿಸಿ. ಮೇಜಿನಿಂದ ಹೊರಗೆ ಚಾಚಿದ ರಿಮ್ಮಿನ ಅಂಚಿಗೆ ಅಗಲ ಪಟ್ಟಿ ಹಾಕಿ ಅದಕ್ಕೆ ಭಾರ ತೂಗುಬಿಡಿ. ಕುಡಿಯುವ ನೀರಿನ 20 ಲೀಟರ್ ಕ್ಯಾನ್‌ಗಳು ಇದಕ್ಕೆ ಬಹಳ ಅನುಕೂಲ: ಮೂರು ತುಂಬಿದ ಕ್ಯಾನ್, ನಾಲ್ಕನೆಯದರಲ್ಲಿ ಸುಮಾರು 10 ಲೀಟರ್, ಕ್ಯಾನ್‌ಗಳ ತೂಕವೂ ಸೇರಿ 73 ಕೆ.ಜಿ. ಆಗಲಿ, ತಕ್ಕಡಿಯಲ್ಲಿ ನೋಡಿಕೊಳ್ಳಿ. ಅದೇ 720 ನ್ಯೂಟನ್. ಮೊದಲು ಖಾಲಿ ಕ್ಯಾನ್ ಕಟ್ಟಿ ಪೈಪಿನಿಂದ ನಿಧಾನ ತುಂಬಿಸಿ. ಪ್ರತಿ 10 ಲೀಟರಿಗೆ ಭಾರದ ಹತ್ತಿರ ಡಯಲ್ ಗೇಜ್ (ಬಗ್ಗುವಿಕೆ ಅಳೆಯುವ ಮಾಪಕ) ಓದಿ ಬರೆದಿಡಿ. ಬಗ್ಗುವಿಕೆ ಸರಿಸಮನಾಗಿ ಏರುತ್ತಾ ಹೋಗಬೇಕು. ನಡುವೆ ಎಲ್ಲಾದರೂ ಒಮ್ಮೆಲೇ ಜಾಸ್ತಿ ಇಳಿದರೆ ಅಲ್ಲೇ ನಿಲ್ಲಿಸಿ: ಕಡ್ಡಿ ವೀಲಾದರೆ ಕಡ್ಡಿ ಸಡಿಲಾಗಿದೆ, ಕಾರ್ಬನ್ನಾದರೆ ಅಂಟು ಬಿಡುತ್ತಿದೆ. ಪೂರ್ತಿ ಭಾರ ಐದು ನಿಮಿಷ ಇರಲಿ, ಇಳಿಸಿದ ಮೇಲೆ ಗೇಜ್ 0.2 ಎಂ.ಎಂ. ಒಳಗೆ ಮೊದಲಿನ ಜಾಗಕ್ಕೆ ಬರಬೇಕು. ಚಕ್ರವನ್ನು 90 ಡಿಗ್ರಿ ತಿರುಗಿಸಿ ನಾಲ್ಕೂ ಕಡೆ, ಮಗುಚಿ ಇನ್ನೊಂದು ಬದಿಗೂ ಮಾಡಿ. ಭಾರದ ಕೆಳಗೆ ಕಾಲು ಇಡಬೇಡಿ.

ಟೈರ್ ಪರೀಕ್ಷೆಗೆ ಗಾಳಿ ತುಂಬಬೇಡಿ, ಟ್ಯೂಬಿಗೆ ನೀರು ತುಂಬಿ ಕೈ ಪಂಪಿನಲ್ಲಿ ಓಟದ ಒತ್ತಡದ ಒಂದೂವರೆ ಪಟ್ಟು ಏರಿಸಿ. ರಿಮ್ ಬಿರಿದರೂ ನೀರು ಸುರಿಯುತ್ತದೆ ಅಷ್ಟೇ, ಗಾಳಿಯಾದರೆ ಚೂರು ಹಾರುತ್ತದೆ.

ಕಾರ್ಬನ್ ಚಕ್ರಕ್ಕೆ ಇನ್ನೊಂದು. ಭಾರ ಹಾಕುವ ಮುಂಚೆ ಐದು ರೂಪಾಯಿ ನಾಣ್ಯದಲ್ಲಿ ಅಂಟಿನ ಅಂಚನ್ನು ಸುತ್ತಲೂ ತಟ್ಟಿ ಸದ್ದು ಕೇಳಿ, ಭಾರ ಇಳಿಸಿದ ಮೇಲೆ ಮತ್ತೆ ತಟ್ಟಿ. ಮೊದಲು ಟಣ್ ಅಂದ ಜಾಗ ಈಗ ಡಬ್ ಅಂದರೆ ಅಲ್ಲಿ ಅಂಟು ಬಿಟ್ಟಿದೆ, ಸ್ಕೆಚ್ ಪೆನ್ನಲ್ಲಿ ಗುರುತು ಹಾಕಿ ಫೋಟೋ ಇಲ್ಲಿ ಹಾಕಿ. ಎಷ್ಟು ಅಗಲ ಬಿಟ್ಟಿದೆ ಅನ್ನುವುದರ ಮೇಲೆ ರಿಪೇರಿಯೋ ಹೊಸದೋ ಹೇಳಬಹುದು.